ಮೂರು ಸಲದ ‘ಕರೆಂಟ್’: ಸ್ವಲ್ಪ ಲೆಕ್ಕ ಹಾಕಿ ನೋಡೋಣ

ರೇಡಿಯೇಷನ್ ಚಿಕಿತ್ಸೆಗೆ ನಮ್ಮ ಮನೆಯ ಉರ್ದುವಿನಲ್ಲೂ ಪಕ್ಕದ ಮನೆಯ ಕನ್ನಡದಲ್ಲೂ ಹೆಸರು ಒಂದೇ: ‘ಕರೆಂಟ್ ಕೊಡುವುದು’. ಹೆಸರು ಕೇಳಿಯೇ ಅರ್ಧ ಜನ ಹೆದರುತ್ತಾರೆ. ನಿಜವಾಗಿ ಅಲ್ಲಿ ದೇಹಕ್ಕೆ ವಿದ್ಯುತ್ ಹರಿಸುವುದಿಲ್ಲ. ಬಹಳ ಶಕ್ತಿಯ ಎಕ್ಸ್‌ರೇ ಕಿರಣಗಳಿಂದ ಕ್ಯಾನ್ಸರ್ ಕೋಶಗಳ ಡಿಎನ್‌ಎ ಕೆಡಿಸುತ್ತಾರೆ. ನಾನು ಕಾಮರ್ಸ್ ವಿಭಾಗದವಳು, ಜೀವಶಾಸ್ತ್ರವನ್ನು ಹತ್ತನೇ ತರಗತಿಯಲ್ಲೇ ಬಿಟ್ಟವಳು. ಆದರೆ ಶ್ವಾಸಕೋಶದ ಗಡ್ಡೆಗೆ ಗುರಿಯಿಟ್ಟು ಕೊಡುವ ರೇಡಿಯೇಷನ್ನಿನ ವಿಷಯದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಲೆಕ್ಕವೇ. ಆ ಲೆಕ್ಕವನ್ನು ತಪ್ಪಾಗಿ ಓದಿದರೆ ರೋಗಿಯ ಮನೆಯವರಿಗೆ ಸುಳ್ಳು ಆಸೆ ಹುಟ್ಟಬಹುದು, ಇಲ್ಲವೇ ಇಲ್ಲದ ಭಯ.

ಈ ಚಿಕಿತ್ಸೆಯ ಹೆಸರು ಸ್ಟೀರಿಯೊಟ್ಯಾಕ್ಟಿಕ್ ಬಾಡಿ ರೇಡಿಯೊಥೆರಪಿ, ಚಿಕ್ಕದಾಗಿ ಎಸ್‌ಬಿಆರ್‌ಟಿ. ಮೆದುಳಿಗೆ ಬಳಸುತ್ತಿದ್ದ ಈ ವಿಧಾನವನ್ನು 1990ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಆಸ್ಪತ್ರೆಯ ಲಾಕ್ಸ್ ಮತ್ತು ಬ್ಲೋಮ್‌ಗ್ರೆನ್ ಎಂಬವರು ದೇಹದ ಬೇರೆ ಭಾಗಗಳಿಗೆ ತಂದರು. ಹಲವು ದಿಕ್ಕುಗಳಿಂದ ತೆಳುವಾದ ಕಿರಣಗಳು ಬರುತ್ತವೆ. ಒಂದೊಂದೂ ದುರ್ಬಲ, ಅವೆಲ್ಲ ಸೇರುವ ಜಾಗದಲ್ಲಿ, ಅಂದರೆ ಗಡ್ಡೆಯಲ್ಲಿ ಮಾತ್ರ ಪೂರ್ತಿ ಪೆಟ್ಟು ಬೀಳುತ್ತದೆ. ತಲೆಯನ್ನಾದರೆ ಅಲುಗದಂತೆ ಹಿಡಿಯಬಹುದು. ಶ್ವಾಸಕೋಶ ಉಸಿರಿನ ಜೊತೆ ಅಲುಗುತ್ತಲೇ ಇರುತ್ತದೆ. ಆದ್ದರಿಂದ ಮೊದಲೇ ಸ್ಕ್ಯಾನ್ ಮಾಡಿ, ಉಸಿರಾಡುವಾಗ ಗಡ್ಡೆ ಎಷ್ಟು ಮೇಲೆ ಕೆಳಗೆ ಹೋಗುತ್ತದೆ ಎಂದು ಗುರುತಿಸಿಕೊಳ್ಳುತ್ತಾರೆ.

ಈಗ ಲೆಕ್ಕ. ರೇಡಿಯೇಷನ್ನಿನ ಅಳತೆ ‘ಗ್ರೇ’. ಹಳೆಯ ಪದ್ಧತಿಯಲ್ಲಿ ದಿನಕ್ಕೆ 2 ಗ್ರೇಯಂತೆ 30 ದಿನ, ಒಟ್ಟು 60. ಎಸ್‌ಬಿಆರ್‌ಟಿಯಲ್ಲಿ 18 ಗ್ರೇಯಂತೆ ಮೂರೇ ಸಲ, ಒಟ್ಟು 54. ಮೇಲುನೋಟಕ್ಕೆ 54 ಕಡಿಮೆ ಅಲ್ಲವೇ? ವೈದ್ಯರ ಸೂತ್ರ ಹೀಗಿದೆ: ಒಂದು ಸಲದ ಪ್ರಮಾಣವನ್ನು 10ರಿಂದ ಭಾಗಿಸಿ, 1 ಕೂಡಿಸಿ, ಬಂದದ್ದನ್ನು ಒಟ್ಟು ಪ್ರಮಾಣದಿಂದ ಗುಣಿಸಬೇಕು. ಹಳೆಯ ಪದ್ಧತಿಗೆ 60 × 1.2 = 72. ಹೊಸದಕ್ಕೆ 54 × 2.8 = 151.2. ಅಂದರೆ ಗಡ್ಡೆಯ ಮೇಲಿನ ಪರಿಣಾಮ ಎರಡರಷ್ಟಕ್ಕಿಂತ ಹೆಚ್ಚು. (ಸೈನ್ಸ್ ವಿಭಾಗದವರು ನಗಬೇಡಿ, ನಾನು ಕ್ಯಾಲ್ಕ್ಯುಲೇಟರ್‌ನಲ್ಲಿ ಎರಡು ಸಲ ನೋಡಿದೆ.)

ಇದೇ ಸೂತ್ರಕ್ಕೆ ಇನ್ನೊಂದು ಮುಖವೂ ಇದೆ. ಆರೋಗ್ಯವಾದ ಭಾಗಕ್ಕೆ ನಿಧಾನವಾಗಿ ಆಗುವ ಹಾನಿಯನ್ನು ಲೆಕ್ಕ ಹಾಕುವಾಗ 10ರ ಜಾಗದಲ್ಲಿ 3 ಹಾಕುತ್ತಾರೆ. ಆಗ 72 ಇದ್ದದ್ದು 100 ಆಗುತ್ತದೆ, 151.2 ಇದ್ದದ್ದು 378! ಗುರಿ ಯಾಕೆ ತಪ್ಪಬಾರದು ಎಂಬುದು ಇಲ್ಲೇ ಗೊತ್ತಾಗುತ್ತದೆ. ಅಮೆರಿಕದ ಇಂಡಿಯಾನಾದ ವೈದ್ಯರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಡ್ಡೆ ಶ್ವಾಸಕೋಶದ ಅಂಚಿನಲ್ಲಿದ್ದವರಲ್ಲಿ ಎರಡು ವರ್ಷದ ಹೊತ್ತಿಗೆ 83% ಜನ ತೀವ್ರ ಅಡ್ಡಪರಿಣಾಮ ಇಲ್ಲದೆ ಇದ್ದರು. ಮಧ್ಯದಲ್ಲಿ, ದೊಡ್ಡ ಶ್ವಾಸನಾಳಗಳ ಹತ್ತಿರ ಇದ್ದವರಲ್ಲಿ 54% ಮಾತ್ರ. ಆಮೇಲೆ ಮಧ್ಯದ ಗಡ್ಡೆಗಳಿಗೆ ಪ್ರಮಾಣವನ್ನು ಹೆಚ್ಚು ಸಲಕ್ಕೆ ಹಂಚಿ ಕೊಡತೊಡಗಿದರು.

2010ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನದಲ್ಲಿ 55 ರೋಗಿಗಳಿದ್ದರು. ಎಲ್ಲರದ್ದೂ ಆರಂಭ ಹಂತದ ಶ್ವಾಸಕೋಶ ಕ್ಯಾನ್ಸರ್, ಆದರೆ ಬೇರೆ ಕಾಯಿಲೆಗಳಿಂದ ಆಪರೇಷನ್ ತಡೆಯುವ ಶಕ್ತಿ ಇಲ್ಲದವರು. ಮೂರು ವರ್ಷದ ನಂತರದ ಫಲಿತಾಂಶ: ಗಡ್ಡೆಯ ನಿಯಂತ್ರಣ 97.6%, ಬದುಕಿ ಉಳಿದವರು 55.8%. ಎರಡೂ ನಿಜ, ಆದರೆ ಎರಡೂ ಬೇರೆ ಬೇರೆ ಖಾತೆ. ಮೊದಲನೆಯದು ಕಿರಣ ಬಿದ್ದ ಜಾಗದ ಲೆಕ್ಕ, ಎರಡನೆಯದು ಇಡೀ ಮನುಷ್ಯನ ಲೆಕ್ಕ. ಕ್ಯಾನ್ಸರ್ ಬೇರೆ ಕಡೆ ಕಾಣಿಸಿಕೊಳ್ಳಬಹುದು; ಮೊದಲೇ ಇದ್ದ ಹೃದಯದ, ಉಸಿರಾಟದ ತೊಂದರೆಯೂ ಇರುತ್ತದೆ. ಒಟ್ಟು ಲಾಭವನ್ನೇ ನಿವ್ವಳ ಲಾಭ ಎಂದು ಬರೆದರೆ ನಮ್ಮ ಅಕೌಂಟೆನ್ಸಿ ಲೆಕ್ಚರರ್ ಅಂಕ ಕೊಡುತ್ತಾರಾ? ಯಾರಾದರೂ ‘97 ಪರ್ಸೆಂಟ್ ಗುಣ’ ಎಂದು ಹೇಳಿದರೆ, ಯಾವುದರ 97 ಎಂದು ಕೇಳಬೇಕು.

ಬೇರೆ ಅಂಗದಿಂದ ಹರಡಿದ ಗಡ್ಡೆಗಳ ವಿಷಯ ಇನ್ನೂ ಕಷ್ಟ. ಹರಡಿದ ಮೇಲೆ ಒಂದೊಂದು ಗಡ್ಡೆಗೆ ಗುರಿಯಿಟ್ಟು ಏನು ಪ್ರಯೋಜನ ಎಂದು ಹಿಂದೆ ಹೇಳುತ್ತಿದ್ದರು. ಕೆನಡಾದ ವೈದ್ಯರ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ‘ಸೇಬರ್-ಕಾಮೆಟ್’ ಅಧ್ಯಯನ ಆ ಮಾತನ್ನೇ ಪರೀಕ್ಷಿಸಿತು. ಶ್ವಾಸಕೋಶ ಅಥವಾ ಬೇರೆ ಅಂಗಗಳಲ್ಲಿ ಒಂದರಿಂದ ಐದು ಹರಡಿದ ಗಡ್ಡೆಗಳಿದ್ದ 99 ರೋಗಿಗಳಲ್ಲಿ, ಸಾಮಾನ್ಯ ಚಿಕಿತ್ಸೆ ಪಡೆದವರ ಮಧ್ಯಾಂಕ ಆಯುಷ್ಯ 28 ತಿಂಗಳು, ಈ ಚಿಕಿತ್ಸೆಯೂ ಸೇರಿದವರದ್ದು 41 ತಿಂಗಳು. ಆದರೆ ಚಿಕಿತ್ಸೆ ಪಡೆದ 66 ಜನರಲ್ಲಿ ಮೂವರ ಸಾವಿಗೆ ಚಿಕಿತ್ಸೆಯೇ ಕಾರಣವಾಗಿತ್ತು. 41 ತಿಂಗಳು ಎಂದು ಬರೆಯುವವರು ಆ ಮೂವರನ್ನೂ ಬರೆಯಬೇಕು.

ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ವೈದ್ಯರು, ಶ್ವಾಸಕೋಶಕ್ಕೆ ಹರಡಿದ ಗಡ್ಡೆಗಳಿಗೆ 12 ಗ್ರೇಯಂತೆ ನಾಲ್ಕು ಸಲ ಕೊಡುವುದನ್ನೂ ಒಂದೇ ಸಲ 28 ಗ್ರೇ ಕೊಡುವುದನ್ನೂ ಹೋಲಿಸಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ, ಒಂದು ವರ್ಷದ ಹೊತ್ತಿಗೆ ಎರಡು ಗುಂಪುಗಳಲ್ಲೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಒಂದೇ ಸಲದ ಚಿಕಿತ್ಸೆಯ ಖರ್ಚು ಮಾತ್ರ ಕಡಿಮೆ. ದೂರದ ಊರಿನಿಂದ ಕೂಲಿ ಬಿಟ್ಟು ಬರುವ ಮನೆಯವರಿಗೆ ನಾಲ್ಕು ಸಲಕ್ಕೂ ಒಂದು ಸಲಕ್ಕೂ ಎಷ್ಟು ವ್ಯತ್ಯಾಸ ಎಂದು ಯಾರೂ ಹೇಳಿಕೊಡಬೇಕಿಲ್ಲ. ಮೇಲಿನ ಸೂತ್ರದಲ್ಲಿ ಹಾಕಿ ನೋಡಿ: 48 × 2.2 = 105.6, 28 × 3.8 = 106.4.