ಪಾದಪದ ಜಲಪಾನ

ಮರಕ್ಕೆ ‘ಪಾದಪ’ವೆಂಬ ಹೆಸರುಂಟು. ಪಾದದಿಂದ ಪಾನಮಾಡುವುದು ಪಾದಪ, ವ್ಯುತ್ಪತ್ತಿ ಇಷ್ಟೇ. ಮಹಾಭಾರತದ ಶಾಂತಿಪರ್ವದಲ್ಲಿ ಭೃಗುವು ಭರದ್ವಾಜನಿಗೆ ವೃಕ್ಷಗಳ ಸಚೇತನತ್ವವನ್ನು ತಿಳಿಸುವ ಸಂದರ್ಭದಲ್ಲಿ, ನೈದಿಲೆಯ ದಂಟನ್ನು ಬಾಯಿಗಿಟ್ಟು ನೀರನ್ನು ಮೇಲಕ್ಕೆ ಸೆಳೆಯುವಂತೆ ಮರವೂ ವಾಯುವಿನೊಡಗೂಡಿ ಪಾದಗಳಿಂದ ನೀರು ಕುಡಿಯುತ್ತದೆಂಬ ಉಪಮಾನ ಬರುತ್ತದೆ. ಉಪಮಾನವೇನೋ ಸೊಗಸಾದುದು. ಇದರಿಂದ ಪ್ರಾಚೀನರು ಆಧುನಿಕ ವಿಜ್ಞಾನವನ್ನೆಲ್ಲ ಬಲ್ಲವರಾಗಿದ್ದರೆಂದು ಬೀಗಬೇಕಾದುದಿಲ್ಲ. ಅವರ ಅವಲೋಕನವನ್ನು ಮೆಚ್ಚಿದರೆ ಸಾಕು. ಆದರೆ ದಂಟಿನಲ್ಲಿ ಹೀರುವ ಬಾಯಿ ಮೇಲಿರುತ್ತದೆ, ಮರದ ಬಾಯಿಯಾದರೋ ಮಣ್ಣಿನೊಳಗಿದೆ. ಹಾಗಿದ್ದಲ್ಲಿ ಮೇಲಿನಿಂದ ಸೆಳೆಯುವವರಾರು?

ಮೊದಲು ಪಾದದ ವಿಚಾರ. ದಪ್ಪನೆಯ ಬೇರು ಮರವನ್ನು ಹಿಡಿದು ನಿಲ್ಲಿಸುವುದಕ್ಕೆ. ನೀರನ್ನು ಬಹುಮಟ್ಟಿಗೆ ಹೀರತಕ್ಕದ್ದು ಎಳೆಬೇರಿನ ತುದಿಗೆ ತುಸು ಹಿಂದೆ ಹುಟ್ಟುವ ಸೂಕ್ಷ್ಮವಾದ ಬೇರುರೋಮಗಳು. ಒಂದೊಂದು ರೋಮವೂ ಒಂದೇ ಜೀವಕೋಶದ ಚಾಚು. ಅದರ ಆಯುಸ್ಸು ಸಾಮಾನ್ಯವಾಗಿ ಕೆಲವೇ ದಿನ. ಅಮೆರಿಕದ ಡಿಟ್ಮರ್ ಎಂಬ ವಿದ್ವಾಂಸರು 1937ರಲ್ಲಿ ನಾಲ್ಕು ತಿಂಗಳ ಒಂದೇ ಒಂದು ರೈ ಧಾನ್ಯದ ಗಿಡವನ್ನು ಪರೀಕ್ಷಿಸಿ, ಅದರ ಬೇರುಗಳ ಒಟ್ಟು ಉದ್ದ 600 ಕಿಲೋಮೀಟರಿಗೂ ಮಿಕ್ಕಿದುದೆಂದೂ, ರೋಮಗಳ ಸಂಖ್ಯೆ ಸುಮಾರು 1400 ಕೋಟಿಯೆಂದೂ ಲೆಕ್ಕವಿಟ್ಟರು.

ಪಾಯಸಕ್ಕೆಂದು ನೆನೆಯಿಟ್ಟ ಒಣದ್ರಾಕ್ಷಿ ಉಬ್ಬುವುದನ್ನು ಎಲ್ಲರೂ ಕಂಡಿದ್ದಾರೆ. ರೋಮದೊಳಗಿನ ರಸ ಗಾಢವಾದುದು, ಮಣ್ಣಿನ ನೀರು ತೆಳುವಾದುದು; ಆದುದರಿಂದ ಕೋಶಪೊರೆಯನ್ನು ದಾಟಿ ನೀರು ಒಳಸೇರುತ್ತದೆ. ಅಭಿಸರಣೆಯೆಂಬುದು ಇದೇ. ಗೊಬ್ಬರದ ಉಪ್ಪು ಅತಿಯಾದಲ್ಲಿ ಇದೇ ನಿಯಮ ವಿಪರೀತವಾಗಿ ಗಿಡ ಸೊರಗುವುದುಂಟು. ಮುಂದೆ ನೀರು ಕೋಶಭಿತ್ತಿಗಳ ಸಂದಿನಲ್ಲಿಯೂ ಕೋಶಗಳ ಒಡಲಿನಲ್ಲಿಯೂ ಹಾಯ್ದು ಒಳಚರ್ಮವನ್ನು ಮುಟ್ಟುತ್ತದೆ. ಅಲ್ಲಿನ ಕೋಶಭಿತ್ತಿಗಳಲ್ಲಿ ನೀರೊಸರದ ಪಟ್ಟಿಯೊಂದಿದೆ. ಜರ್ಮನಿಯ ಕಾಸ್ಪರಿಯವರ ಹೆಸರನ್ನು ಅದಕ್ಕಿಟ್ಟಿದ್ದಾರೆ. ಸಂದಿನ ದಾರಿ ಇಲ್ಲಿಗೆ ಮುಗಿಯಿತು. ಇನ್ನು ಮುಂದಕ್ಕೆ ಹೋಗುವ ನೀರು ಜೀವಂತ ಪೊರೆಯೆಂಬ ಬಾಗಿಲನ್ನು ದಾಟಿಯೇ ಹೋಗಬೇಕು, ಕರಗಿದ ಲವಣಗಳಿಗೂ ಅಲ್ಲಿಯೇ ತಪಾಸಣೆ. ಪೊರೆಯಲ್ಲಿ ನೀರಿಗೆಂದೇ ಇರುವ ಸೂಕ್ಷ್ಮ ನಾಳಗಳನ್ನು ಗುರುತಿಸಿದ ಪೀಟರ್ ಆಗ್ರೆಯವರಿಗೆ 2003ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಬಾಗಿಲು ದಾಟಿದ ನೀರು ಕ್ಸೈಲಂ ನಾಳಗಳನ್ನು ಸೇರುತ್ತದೆ. ವಿಚಿತ್ರವೆಂದರೆ ಈ ನಾಳಗಳು ಸತ್ತ ಕೋಶಗಳಿಂದಾದವು. ಸತ್ತ ಕೊಳವೆಯಲ್ಲಿ ನೀರು ಏರುವುದೆಂತು? ಬೇರು ಕೆಳಗಿನಿಂದ ನೂಕುವುದು ದಿಟ. ಬೆಳಗಿನ ಹೊತ್ತು ಕೆಸುವಿನ ಎಲೆಯ ಅಂಚಿನಲ್ಲಿ ಸಾಲಾಗಿ ನಿಂತ ಹನಿಗಳಲ್ಲಿ ಹಲವು ಮಂಜಲ್ಲ, ರಾತ್ರಿ ಬೇರು ನೂಕಿದ ನೀರು. ಆದರೆ ಈ ನೂಕು ದುರ್ಬಲವಾದುದು. ವಾಯುಭಾರ ಎತ್ತಬಲ್ಲದ್ದು ಸುಮಾರು 10 ಮೀಟರ್ ನೀರನ್ನು ಮಾತ್ರ. ಕ್ಯಾಲಿಫೋರ್ನಿಯದ ರೆಡ್‌ವುಡ್ ಮರವಾದರೋ 115 ಮೀಟರನ್ನು ಮೀರಿ ನಿಂತಿದೆ. ಜೀವಕೋಶಗಳ ಮಿಡಿತವೇ ರಸವನ್ನೇರಿಸುತ್ತದೆಂದು ಆಚಾರ್ಯ ಜಗದೀಶಚಂದ್ರ ಬೋಸರು 1923ರಲ್ಲಿ ಪ್ರತಿಪಾದಿಸಿದರು. ಅದು ಅಂಗೀಕಾರವನ್ನು ಪಡೆಯಲಿಲ್ಲ. ಬೋಸರ ಮೇಲಿನ ಗೌರವದಿಂದ ಅದನ್ನು ಸಿದ್ಧಾಂತವೆಂದು ಪಾಠ ಹೇಳುವುದು ಉಚಿತವಲ್ಲ. ಸ್ಟ್ರಾಸ್‌ಬರ್ಗರ್ ಎಂಬವರು 1891ರಷ್ಟು ಹಿಂದೆಯೇ, ಕೊಯ್ದ ಮರದ ಬುಡವನ್ನು ವಿಷದ್ರಾವಣದಲ್ಲಿ ನಿಲ್ಲಿಸಿ, ಕೋಶಗಳು ಸತ್ತರೂ ದ್ರವ ಏರುವುದನ್ನು ತೋರಿಸಿದ್ದರು.

ಉತ್ತರ ಎಲೆಯಲ್ಲಿದೆ. ಬಿಸಿಲಿಗೂ ಗಾಳಿಗೂ ತೆರೆದ ಪತ್ರರಂಧ್ರಗಳ ಮೂಲಕ ನೀರು ಆವಿಯಾಗಿ ಹೊರಬೀಳುವುದೇ ಬಾಷ್ಪವಿಸರ್ಜನೆ. ಬೇರು ಕುಡಿದುದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಹೀಗೆಯೇ ಹೋಗುತ್ತದೆ. ನೀರಿನ ಕಣಗಳು ಒಂದನ್ನೊಂದು ಬಿಡದೆ ಹಿಡಿದುಕೊಂಡಿರುವುದರಿಂದ, ಎಲೆಯಲ್ಲಿ ಒಂದು ಹೊರಟಾಗ ಇಡೀ ಸರಪಳಿ ಬೇರಿನವರೆಗೂ ಜಗ್ಗುತ್ತದೆ. ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಮುಂದಿಟ್ಟ ಈ ವಾದವೇ ಇಂದು ಬಹುಜನಸಮ್ಮತವಾದುದು. ತರಗತಿಯಲ್ಲಿ ಇದನ್ನು ತೋರಿಸಲು ಕರ್ಣಕುಂಡಲದ ಎರಡು ಕಡ್ಡಿಗಳೂ ಕೆಂಪು ಶಾಯಿ ಬೆರೆಸಿದ ನೀರೂ ಸಾಕು. ಒಂದರ ಎಲೆಗಳನ್ನೆಲ್ಲ ಕಿತ್ತು, ಎರಡನ್ನೂ ಗಾಳಿಯಾಡುವಲ್ಲಿ ಇಡಬೇಕು. ಎಲೆಯಿರುವ ಕಡ್ಡಿಯಲ್ಲಿ ಕೆಂಪು ಬೇಗನೆ ಏರುವುದು ಪಾರದರ್ಶಕವಾದ ದಂಟಿನೊಳಗೆ ಕಣ್ಣಿಗೆ ಕಾಣುತ್ತದೆ.

ವನಮಹೋತ್ಸವದಲ್ಲಿ ಮಕ್ಕಳು ಆಸೆಯಿಂದ ನೆಟ್ಟ ಸಸಿಗಳು ನಾಲ್ಕೇ ದಿನದಲ್ಲಿ ಬಾಡುವುದರ ಮರ್ಮವೂ ಇದರಲ್ಲಿದೆ. ಸಸಿಯನ್ನು ಸೆಳೆದು ಕಿತ್ತಾಗ ದಪ್ಪ ಬೇರು ಕೈಗೆ ಬರುತ್ತದೆ, ರೋಮಗಳು ಮಣ್ಣಿನಲ್ಲಿಯೇ ಹರಿದು ಉಳಿಯುತ್ತವೆ. ಎಲೆಗಳಿಗೆ ಈ ಸುದ್ದಿ ತಿಳಿಯದು. ಅವು ಎಂದಿನಂತೆ ನೀರನ್ನು ಸೆಳೆಯುತ್ತಲೇ ಇರುತ್ತವೆ. ಬುಡದಲ್ಲಿ ಕೊಡಗಟ್ಟಲೆ ನೀರಿದ್ದರೂ ಕುಡಿಯುವ ಬಾಯಿಲ್ಲ. ಆದಕಾರಣ ಬುಡದ ಮಣ್ಣುಹೆಂಟೆ ಒಡೆಯದಂತೆ ಸಸಿಯನ್ನೆತ್ತಬೇಕು, ಬಿಸಿಲಿಳಿದ ಮೇಲೆ ನೆಡಬೇಕು, ಹೊಸ ರೋಮಗಳು ಮೂಡುವತನಕ ನೆರಳು ಕಟ್ಟಬೇಕು, ಎಲೆ ಹೆಚ್ಚಾಗಿದ್ದರೆ ಕೆಲವನ್ನು ತೆಗೆಯಬೇಕು. ಬಾಳೆಯ ಕಂದನ್ನು ನೆಡುವ ರೈತನು ಅದರ ಎಲೆಗಳನ್ನು ಮೊದಲೇ ಸವರಿಬಿಡುವುದು ಇದೇ ಕಾರಣಕ್ಕೆ.