ಹಲ್ಲಿನ ತಂತಿ ಚುಚ್ಚಿದಾಗ

ವಕ್ರದಂತಗಳನ್ನು ಸಾಲಿಗೆ ತರಲು ದಂತವೈದ್ಯರು ತಂತಿ ಬಿಗಿಯುತ್ತಾರೆ. ಬಿಗಿದ ಮೇಲೆ 2-3 ದಿನ ಹಲ್ಲು ನೋಯುವುದು ಸಹಜ, ಗಂಜಿಯೂಟ ಸಾಕು. ಹಲಸಿನ ಹಪ್ಪಳ, ಚಕ್ಕುಲಿ, ಕಬ್ಬು ಕಡಿದರೆ ತಂತಿ ಕಳಚುವುದುಂಟು. ಜಾತ್ರೆಯ ದಿನ ಇದನ್ನು ನೆನೆಯುವವರಾರು!

ತಂತಿಯ ತುದಿ ಕೆನ್ನೆಗೆ ಚುಚ್ಚಿದರೆ, ತೊಳೆದ ಪೆನ್ಸಿಲಿನ ರಬ್ಬರ್ ತುದಿಯಿಂದ ಅದನ್ನು ಮೆಲ್ಲನೆ ಹಲ್ಲಿನತ್ತ ಒತ್ತಬೇಕು. ಬಗ್ಗದಿದ್ದರೆ ವೈದ್ಯರು ಕೊಟ್ಟ ಮೇಣವನ್ನು ಕಡಲೆಯಷ್ಟು ಉಂಡೆಮಾಡಿ ಅಂಟಿಸಬೇಕು. ಒದ್ದೆ ತಂತಿಗೆ ಮೇಣ ನಿಲ್ಲದು. ಮೊದಲು ಹತ್ತಿಯಿಂದ ಒರೆಸಿಕೊಳ್ಳಿ. ಗಾಯವಾಗಿದ್ದರೆ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿರಿ.

ಮನೆಯ ಇಕ್ಕಳದಿಂದ ತಂತಿ ಕತ್ತರಿಸಲು ಮಾತ್ರ ಹೋಗಬೇಡಿ. ತುಂಡು ಗಂಟಲಿಗೆ ಜಾರೀತು. ಹೊಟ್ಟೆಗೆ ಹೋದ ತುಂಡು ಬಹುಮಟ್ಟಿಗೆ ತಾನಾಗಿ ಹೊರಬೀಳುತ್ತದೆ, ಆದರೂ ವೈದ್ಯರಿಗೆ ತಿಳಿಸಬೇಕು. ಕೆಮ್ಮು ನಿಲ್ಲದೆ ಉಸಿರಾಟ ಕಷ್ಟವಾದರೆ ಅದು ಶ್ವಾಸನಾಳ ಸೇರಿರಬಹುದು. ಆಗ ದಂತವೈದ್ಯರನ್ನು ಕಾಯದೆ ನೇರ ಆಸ್ಪತ್ರೆಗೆ ಒಯ್ಯಬೇಕು.