ವಾರದ ಸಭೆ: ರೋಟರಿ ಸಂಘದ ಒಂದು ನಿಯಮದ ವಿಚಾರ

ನಮ್ಮ ದೇಶದಲ್ಲಿ ಸಂಘಗಳಿಗೆ ಕೊರತೆಯಿಲ್ಲ. ಆದರೆ ಹುಟ್ಟಿದ ಸಂಘಗಳಲ್ಲಿ ಬಹುಕಾಲ ಬಾಳುವವು ಕೆಲವೇ. ಉದ್ಘಾಟನೆಯ ದಿನ ತೋರಣ, ಭಾಷಣ, ಚಪ್ಪಾಳೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಕಾರ್ಯದರ್ಶಿಯೊಬ್ಬನೇ ಉಳಿದಿರುತ್ತಾನೆ. ಇದನ್ನೇ ಹಿರಿಯರು ಆರಂಭಶೂರತ್ವವೆಂದು ಕರೆದರು. ಹಾಗಾದರೆ ಒಂದು ಸಂಘವನ್ನು ಉಳಿಸತಕ್ಕದ್ದು ಯಾವುದು? ಹಣವೆ, ನಾಯಕನೆ, ಧ್ಯೇಯವೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ರೋಟರಿ ಸಂಘದ ವಾರದ ಸಭೆಯನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ಸಂಘದ ಮೊದಲ ಸಭೆ ಸೇರಿದ್ದು 1905ನೆಯ ಇಸವಿ ಫೆಬ್ರವರಿ 23ರಂದು, ಅಮೆರಿಕಾದ ಷಿಕಾಗೋ ನಗರದಲ್ಲಿ. ಪಾಲ್ ಹ್ಯಾರಿಸ್ ಎಂಬ ವಕೀಲನು ವರ್ಮಾಂಟ್ ಪ್ರಾಂತದ ಒಂದು ಸಣ್ಣ ಊರಿನಲ್ಲಿ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದವನು. ಊರಿನವರೆಲ್ಲರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಮಾತನಾಡಿಸುವ ಆ ಬಾಳು ಮಹಾನಗರದಲ್ಲಿ ಅವನಿಗೆ ದೊರೆಯಲಿಲ್ಲ. ಅದನ್ನು ಪುನಃ ಕಟ್ಟಿಕೊಳ್ಳುವ ಆಸೆಯಿಂದ ಒಬ್ಬ ಕಲ್ಲಿದ್ದಲ ವ್ಯಾಪಾರಿ, ಒಬ್ಬ ಗಣಿ ಇಂಜಿನಿಯರು, ಒಬ್ಬ ದರ್ಜಿ—ಈ ಮೂವರೊಡನೆ ಕೂಡಿದನು. ಆರಂಭದಲ್ಲಿ ಎರಡು ವಾರಕ್ಕೊಮ್ಮೆ, ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರು. ಹೀಗೆ ಸಭೆಯ ಸ್ಥಳ ಸುತ್ತುತ್ತಿದ್ದುದರಿಂದಲೇ ರೋಟರಿ ಎಂಬ ಹೆಸರು ಬಂದಿತು. ಸದಸ್ಯರು ಹೆಚ್ಚಿದಂತೆ ಕಚೇರಿಗಳು ಸಾಲದಾದುವು. ಸಭೆ ಹೋಟೆಲಿಗೆ ಹೋಯಿತು, ಊಟ ಸೇರಿಕೊಂಡಿತು, ವಾರಕ್ಕೊಮ್ಮೆ ಕೂಡುವುದು ರೂಢಿಯಾಯಿತು. ಭಾರತದಲ್ಲಿ ಇದು ಮೊದಲು ಕಾಲೂರಿದ್ದು 1919ರಲ್ಲಿ, ಕಲ್ಕತ್ತೆಯಲ್ಲಿ. ಅದೇ ಕಲ್ಕತ್ತೆಯ ನಿತೀಶ್ ಲಾಹಿರಿಯವರು 1962ರಲ್ಲಿ ಅಂತರರಾಷ್ಟ್ರೀಯ ರೋಟರಿಯ ಅಧ್ಯಕ್ಷರಾದರು.

ನಮ್ಮ ಕಡೆಯ ಒಂದು ರೋಟರಿ ಸಂಘದ ವಾರದ ಸಭೆಗೆ ನಾನು ಅತಿಥಿಯಾಗಿ ಹೋಗಿದ್ದೆ. ಹೇಳಿದ ಹೊತ್ತಿಗೆ ಸರಿಯಾಗಿ ಅಧ್ಯಕ್ಷರು ಗಂಟೆ ಬಾರಿಸಿದರು. ಪ್ರಾರ್ಥನೆಯಾಯಿತು. ಹೊಸಬರ ಪರಿಚಯ, ಆ ವಾರ ಹುಟ್ಟಿದ ಹಬ್ಬವಿದ್ದವರಿಗೆ ಶುಭಾಶಯ, ಅತಿಥಿ ಭಾಷಣ, ವಂದನಾರ್ಪಣೆ, ರಾಷ್ಟ್ರಗೀತೆ—ಒಂದು ಗಂಟೆಯಲ್ಲಿ ಎಲ್ಲವೂ ಮುಗಿಯಿತು. ಭಾಷಣಕ್ಕಿಂತ ನನ್ನ ಗಮನವನ್ನು ಸೆಳೆದದ್ದು ಕಾರ್ಯದರ್ಶಿಯ ನೋಟ್‌ಬುಕ್ಕು. ಶಾಲೆಯೊಂದರ ನೀರಿನ ತೊಟ್ಟಿಗೆ ನಲ್ಲಿ ಹಾಕಿಸುವುದಾಗಿ ಜವಳಿ ವ್ಯಾಪಾರಿಯೊಬ್ಬರು ಹಿಂದಿನ ವಾರ ಒಪ್ಪಿಕೊಂಡಿದ್ದರು. ‘ಯಜಮಾನರೆ, ನಲ್ಲಿ ಏನಾಯಿತು?’ ಎಂದು ಕಾರ್ಯದರ್ಶಿ ಕೇಳಿದರು. ‘ಇನ್ನೂ ಆಗಿಲ್ಲ ಸ್ವಾಮಿ, ಬರುವ ವಾರದೊಳಗೆ ಹಾಕಿಸುತ್ತೇನೆ’ ಎಂದು ಅವರು ಎದ್ದು ನಿಂತು ಹೇಳಿದರು. ಯಾರೂ ಆಕ್ಷೇಪಿಸಲಿಲ್ಲ, ಯಾರೂ ನಗಲಿಲ್ಲ. ಆದರೆ ಆ ಮಾತು ಪುಸ್ತಕಕ್ಕೆ ಏರಿತು.

ವಾರದ ಸಭೆಯ ಗುಟ್ಟು ಇಲ್ಲಿದೆ ಎಂದು ನನ್ನ ಅಭಿಪ್ರಾಯ. ವರ್ಷಕ್ಕೊಮ್ಮೆ ಕೂಡುವ ಸಂಘದಲ್ಲಿ ಕೊಟ್ಟ ಮಾತು ಮರೆತುಹೋಗುತ್ತದೆ. ತಿಂಗಳಿಗೊಮ್ಮೆ ಕೂಡಿದರೆ ನೆಪ ಹುಟ್ಟುತ್ತದೆ. ಏಳು ದಿನಗಳಲ್ಲಿ ಮರೆಯುವುದೂ ಕಷ್ಟ, ತಪ್ಪಿಸಿಕೊಳ್ಳುವುದೂ ಕಷ್ಟ. ಹಾಜರಿಯ ವಿಷಯದಲ್ಲಿ ಈ ಸಂಘ ಬಹುಕಾಲ ನಮ್ಮ ಕಾಲೇಜುಗಳಿಗಿಂತ ಬಿಗಿಯಾಗಿತ್ತು. ಎಡೆಬಿಡದೆ ನಾಲ್ಕು ಸಭೆ ತಪ್ಪಿಸಿದವನ ಸದಸ್ಯತ್ವಕ್ಕೇ ಕುತ್ತು ಬರುತ್ತಿತ್ತು. ಪ್ರಯಾಣದಲ್ಲಿದ್ದವನು ಬೇರೆ ಊರಿನ ರೋಟರಿ ಸಭೆಯಲ್ಲಿ ಕುಳಿತು ಬಂದರೆ ಆ ಕೊರತೆ ತುಂಬುತ್ತಿತ್ತು. ಹೀಗೆ ನಿಯಮದ ಬಿಗಿಯೇ ಪರಸ್ಥಳದ ಸ್ನೇಹಕ್ಕೆ ದಾರಿಯಾಯಿತು.

ಫಲದ ಮಾತಿಗೆ ಬರೋಣ. ಷಿಕಾಗೋ ಸಂಘ 1907ರಲ್ಲಿ ಕೈಗೊಂಡ ಮೊದಲ ಲೋಕೋಪಯೋಗಿ ಕಾರ್ಯ ನಗರದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು. ಜನರು ತಮ್ಮಲ್ಲಿಗೆ ಬಂದರೆ ತಮಗೆ ವ್ಯಾಪಾರವಾಗುತ್ತದೆಂಬ ಲೆಕ್ಕದಿಂದ ಮದ್ಯ ತಯಾರಕರೂ ದೊಡ್ಡ ಅಂಗಡಿಗಳವರೂ ವಿರೋಧಿಸಿದರು. ಆದರೂ ಕಾರ್ಯ ನಿಲ್ಲಲಿಲ್ಲ. ದೊಡ್ಡ ಉದಾಹರಣೆಯೆಂದರೆ ಪೋಲಿಯೋ. 1985ರಲ್ಲಿ ರೋಟರಿ ಈ ರೋಗದ ನಿರ್ಮೂಲನಕ್ಕೆ ಕೈಹಾಕಿತು. ಭಾರತದಲ್ಲಿ ಕಾಡು ಪೋಲಿಯೋದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. ದೇಶ ಪೋಲಿಯೋಮುಕ್ತವೆಂಬ ಮನ್ನಣೆ ಬಂದದ್ದು 2014ರ ಮಾರ್ಚ್ 27ರಂದು. ಇದರ ಬಹುಭಾರವನ್ನು ಹೊತ್ತವರು ಮನೆ ಮನೆಗೆ ನಡೆದ ಆರೋಗ್ಯ ಕಾರ್ಯಕರ್ತರೆಂಬುದನ್ನು ಮರೆಯಲಾಗದು. ಆದರೂ ಒಂದು ಖಾಸಗಿ ಸಂಘ ಕಾಲು ಶತಮಾನಕ್ಕೂ ಮಿಕ್ಕಿ ಒಂದೇ ಕಾರ್ಯವನ್ನು ಬಿಡದೆ ಹಿಡಿದುದು ಸಾಮಾನ್ಯವಲ್ಲ. ಅಂಥ ಹಟ ಒಂದು ದಿನದ ಉತ್ಸಾಹದಿಂದ ಬರುವುದಿಲ್ಲ.

ಇಷ್ಟು ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮುಚ್ಚಿಡುವುದು ಅಭ್ಯಾಸಿಗೆ ತರವಲ್ಲ. ಹೊತ್ತು ತನ್ನ ಕೈಯಲ್ಲಿದ್ದವನು ಮಾತ್ರ ವಾರವಾರವೂ ಕೆಲಸ ಬಿಟ್ಟು ಸಭೆಗೆ ಬರಬಲ್ಲ. ಕೂಲಿಯವನಿಗೆ, ಗುಮಾಸ್ತನಿಗೆ ಅದು ಸಾಧ್ಯವಿರಲಿಲ್ಲ. ಊಟದ ವೆಚ್ಚವೂ ಅಡ್ಡವಾಗಿತ್ತು. ಸ್ತ್ರೀಯರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಈ ಸಂಘಕ್ಕೆ 1989ರವರೆಗೆ ಕಾಲ ಹಿಡಿಯಿತು. ಎಲ್ಲರಿಗೂ ನ್ಯಾಯವಾಗುವುದೆ ಎಂದು ತನ್ನ ಪ್ರತಿ ಕಾರ್ಯವನ್ನೂ ಒರೆಗೆ ಹಚ್ಚಿಕೊಳ್ಳಬೇಕೆಂದು ಸದಸ್ಯರಿಗೆ ಬೋಧಿಸುವ ಸಂಘವೇ ಅರ್ಧ ಜನರನ್ನು ಬಾಗಿಲ ಹೊರಗೆ ನಿಲ್ಲಿಸಿತ್ತು!

2016ರಲ್ಲಿ ರೋಟರಿ ತನ್ನ ಕಟ್ಟನ್ನು ಸಡಿಲಿಸಿತು. ತಿಂಗಳಿಗೆ ಎರಡು ಸಲವಾದರೂ ಕೂಡಿದರೆ ಸಾಕು, ಉಳಿದುದು ಆಯಾ ಸಂಘದ ಇಷ್ಟವೆಂದಾಯಿತು. ಬಿಡುವಿಲ್ಲದವರಿಗೆ ಇದರಿಂದ ಬಾಗಿಲು ತೆರೆಯಿತೆಂದು ಕೆಲವರು, ಬೆನ್ನುಮೂಳೆ ಸಡಿಲವಾಯಿತೆಂದು ಕೆಲವರು ಹೇಳಬಹುದು. ನನಗೆ ತೋರುವುದಿಷ್ಟು: ಸಡಿಲಿಸಬೇಕಾದುದು ಊಟ, ವೆಚ್ಚ ಮತ್ತು ವೇಳೆಯ ಅಡ್ಡಿಗಳನ್ನು, ಬಿಡಬಾರದುದು ವಾರದ ಭೇಟಿಯನ್ನು.

ಈ ತತ್ತ್ವ ನಮಗೆ ಪರದೇಶದ್ದೇನೂ ಅಲ್ಲ. ನಮ್ಮ ಹಳ್ಳಿಗಳ ಶನಿವಾರದ ಭಜನೆಯನ್ನು ನೋಡಿ, ಸಂತೆಯನ್ನು ನೋಡಿ. ಸಂತೆಗೆ ಯಾರೂ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವುದಿಲ್ಲ. ಅದರ ದಿನ ಬಂದರೆ ಜನ ತಾವಾಗಿ ಸೇರುತ್ತಾರೆ. ನಮ್ಮ ಕಾಲೇಜಿನ ಸಂಘಗಳಿಗಾದರೋ ಎರಡೇ ದಿನಗಳು: ಉದ್ಘಾಟನೆಯ ದಿನ, ಸಮಾರೋಪದ ದಿನ. ನಡುವಿನ ತಿಂಗಳುಗಳಲ್ಲಿ ಕೊನೆಯ ಪೀರಿಯಡ್ಡು ಮುಗಿದ ಮೇಲೆ ಎಷ್ಟೋ ಕೊಠಡಿಗಳು ಬರಿದಾಗಿರುತ್ತವೆ. ವಾರಕ್ಕೊಂದು ಸಂಜೆ, ಅರ್ಧ ಗಂಟೆ, ಹತ್ತು ಮಂದಿ, ಒಂದು ನೋಟ್‌ಬುಕ್ಕು—ಇದಕ್ಕೆ ಹಾರತುರಾಯಿ ಬೇಡ, ಸರ್ಕಾರದ ಅನುದಾನವೂ ಬೇಡ. ಕಳೆದ ವಾರ ಒಪ್ಪಿಕೊಂಡದ್ದು ಏನಾಯಿತೆಂದು ಕೇಳುವವನೊಬ್ಬ, ಎದ್ದು ನಿಂತು ಉತ್ತರ ಹೇಳುವವನೊಬ್ಬ ಇದ್ದರೆ ಸಂಘ ತಾನಾಗಿ ಬಾಳುತ್ತದೆ. ಸಹಪಾಠಿಗಳೂ ಅಧ್ಯಾಪಕರೂ ಈ ಮಾತನ್ನು ಪರಾಂಬರಿಸಬೇಕೆಂದು ನನ್ನ ವಿನಂತಿ.